ಡ್ಯೂಟಿ ಮುಗಿಸಿ ನಂಜನಗೂಡಿಗೆ ಹೊರಟ ಮಾವ

ಮೈಸೂರಿಗೆ ಬರುವ ಪ್ರವಾಸಿಗರು ಅಶೋಕಪುರಂ ರೈಲು ನಿಲ್ದಾಣವನ್ನು ನೋಡಿರುವುದು ಕಡಿಮೆ. ದೊಡ್ಡ ಸ್ಟೇಷನ್‌ನಿಂದ ಚಾಮರಾಜನಗರದ ಕಡೆ ಹೊರಟ ರೈಲು ಮೊದಲು ಚಾಮರಾಜಪುರಂನಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಇಲ್ಲಿಗೆ ಬರುತ್ತದೆ. ಈಗೀಗ ಬೆಂಗಳೂರಿನ ಕೆಲವು ರೈಲುಗಳೂ ಇಲ್ಲಿಯವರೆಗೆ ಬರುವುದರಿಂದ ಸ್ವಲ್ಪ ಗಲಾಟೆ ಜಾಸ್ತಿಯಾಗಿದೆ. ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪ್. 1924ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯವರು ಶುರು ಮಾಡಿದ್ದು. ನೂರು ವರ್ಷದಿಂದ ರೈಲು ಡಬ್ಬಿಗಳು ಇಲ್ಲಿಗೆ ರಿಪೇರಿಗೆ ಬಂದು ಹೋಗುತ್ತಿವೆ.

ಹೋದ ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ನಾನು, ನಮ್ಮ ಮಾವನವರು ಆ ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಮಾವ ಬಿಳಿ ಪಂಚೆ, ಅರ್ಧ ತೋಳಿನ ಷರ್ಟು ಹಾಕಿಕೊಂಡಿದ್ದರು. ಮೊಣಕಾಲ ಮೇಲೆ ಊಟದ ಡಬ್ಬಿ. ಅದರೊಳಗೆ ಇದ್ದದ್ದು ನಾನು ಹಾಕಿಕೊಟ್ಟ ನಾಲ್ಕು ಇಡ್ಲಿ, ಚಟ್ನಿಪುಡಿ. ಡಬ್ಬಿ ಇಲ್ಲದೆ ಅವರು ರೈಲು ಹತ್ತುವುದಿಲ್ಲ.

"ಇವತ್ತು ಗಾಡಿ ಲೇಟು" ಅಂದರು.

"ಬರತ್ತೆ ಮಾವ" ಅಂದೆ.

"ನೀನು ಯಾರ ಪೈಕಿ ಅಮ್ಮ? ನಂಜನಗೂಡಿನವಳೇನಾ?"

ಇಪ್ಪತ್ತಾರು ವರ್ಷದಿಂದ ಅವರ ಮನೆಯ ಸೊಸೆ ನಾನು. ಮೊದಲ ಸಲ ಈ ಪ್ರಶ್ನೆ ಕೇಳಿದಾಗ ಅಡುಗೆಮನೆಗೆ ಹೋಗಿ ಅತ್ತುಬಿಟ್ಟಿದ್ದೆ. ಈಗ ಅಭ್ಯಾಸವಾಗಿದೆ. "ಹೌದು ಮಾವ, ನಾನೂ ಆ ಕಡೆಗೇ" ಅಂದೆ. ಈ ಮಾತನ್ನು ನಾನು ಕಲಿತದ್ದು ನಂಜನಗೂಡಿನ ಒಬ್ಬ ಹೂ ಮಾರುವ ಹೆಂಗಸಿನಿಂದ. ಅದನ್ನು ಹೇಳುವುದಕ್ಕೇ ಈ ಲೇಖನ.

ಆಷಾಢದ ಆ ಶುಕ್ರವಾರ

ಮೈಸೂರಿನವರಿಗೆ ಆಷಾಢ ಶುಕ್ರವಾರ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಊರೇ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿರುತ್ತದೆ. ಆ ದಿನ ನಾವೂ ಬೆಳಗಿನ ಜಾವ ಎದ್ದು ದರ್ಶನ ಮುಗಿಸಿ ಬಂದಿದ್ದೆವು. ಮಾವನನ್ನೂ ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನ ಊಟ ಆದ ಮೇಲೆ ಮನೆಯವರೆಲ್ಲ ಹಾಗೇ ಒಂದು ಜೊಂಪು ಮಲಗಿದೆವು. ನಾಲ್ಕೂವರೆಗೆ ಕಾಫಿಗೆ ನೀರಿಡೋಣ ಅಂತ ಎದ್ದರೆ ಮಾವನ ಮಂಚ ಖಾಲಿ. ಗೇಟು ಓರೆಯಾಗಿದೆ. ಚಪ್ಪಲಿ ಇಲ್ಲ.

ಅವರಿಗೆ ಆಗ 79 ವರ್ಷ. ಅಲ್ಝೈಮರ್ಸ್ ಅಂತ ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಅದಕ್ಕೂ ಮುಂಚೆ ನಾವೆಲ್ಲ ಅರಳು ಮರಳು ಅಂತಲೇ ಸುಮ್ಮನಿದ್ದವರು. ದಿನಾ ಸಂಜೆ ನಾಲ್ಕು ಗಂಟೆ ಆಗುತ್ತಿದ್ದಂತೆ ಷರ್ಟು ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಡ್ಯೂಟಿ ಮುಗೀತು. ಟ್ರೈನ್ ಟೈಮ್ ಆಯ್ತು" ಅನ್ನುವರು. ನಾವು ಒಬ್ಬರಾದ ಮೇಲೆ ಒಬ್ಬರು ಬುದ್ಧಿ ಹೇಳುತ್ತಿದ್ದೆವು. "ಅಪ್ಪ, ನೀವು ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು" ಅಂತ ನಮ್ಮನೆಯವರು. "ಇದೇ ನಿಮ್ಮ ಮನೆ ತಾತ" ಅಂತ ಮಗ. ಅವರು ನಮ್ಮ ಮುಖವನ್ನೇ ನೋಡಿ, ಇವರು ಯಾಕೆ ಸುಳ್ಳು ಹೇಳುತ್ತಿದ್ದಾರೆ ಅನ್ನುವ ಹಾಗೆ ಒಳಗೆ ಹೋಗಿ ಕೂರುತ್ತಿದ್ದರು.

ಆ ದಿನ ನಾವು ಮೊದಲು ಬೀದಿ ಹುಡುಕಿದೆವು, ಪಾರ್ಕು ಹುಡುಕಿದೆವು, ಹಾಲಿನ ಬೂತಿನಲ್ಲಿ, ಕ್ಷೌರದಂಗಡಿಯಲ್ಲಿ ಕೇಳಿದೆವು. ಮೂಲೆ ಅಂಗಡಿಯವನು, ಬಿಳಿ ಪಂಚೆಯ ತಾತ ಒಬ್ಬರು ಬೆಟ್ಟದ ಪಾದದ ಕಡೆ ಹೋದಂಗಿತ್ತು ಅಂದ. ಅಷ್ಟೇ ಸಾಕಾಯಿತು. ಬೆಳಿಗ್ಗೆ ಬೆಟ್ಟಕ್ಕೆ ಹೋಗಿದ್ದರಲ್ಲ, ಮತ್ತೆ ಅಲ್ಲಿಗೇ ಹೋಗಿರಬೇಕು ಅಂತ ಎಲ್ಲರೂ ಆ ಕಡೆ ಓಡಿದೆವು. ಆಷಾಢ ಶುಕ್ರವಾರದ ಜನಜಂಗುಳಿಯಲ್ಲಿ ಬಿಳಿ ಪಂಚೆಯ ಒಬ್ಬ ಮುದುಕರನ್ನು ಹುಡುಕುವುದೆಂದರೆ ಹೇಗಿರುತ್ತೆ, ಯೋಚನೆ ಮಾಡಿ. ಮಗ ಸಾವಿರ ಮೆಟ್ಟಿಲನ್ನೂ ಹತ್ತಿ ಇಳಿದ. ಜಡಿಮಳೆ ಬೇರೆ.

ಅತ್ತೆ ಮಾತ್ರ ಜಗಲಿಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು. "ಬೆಟ್ಟಕ್ಕೆ ಹೋಗಿಲ್ಲ ಕಣೇ. ಊರಿಗೆ ಹೋಗಿರ್ತಾರೆ." ಯಾವ ಊರು? ನಮ್ಮ ಊರೇ ಇದಲ್ಲವೇ? ಗಾಬರಿಯಲ್ಲಿ ಅಮ್ಮನಿಗೂ ಏನೋ ಆಗಿದೆ ಅಂದುಕೊಂಡು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದರೆ ನೆಂಟರೊಬ್ಬರು, "24 ಗಂಟೆ ಆಗೋ ತನಕ ತಗೊಳಲ್ಲ, ಸುಮ್ನೆ ಹೋಗ್ಬೇಡಿ" ಅಂದರು. ಈ ಮಾತು ಎಷ್ಟು ಮನೆಗಳನ್ನು ಹಾಳು ಮಾಡಿದೆಯೋ! ಕಾಣೆಯಾದವರ ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಅದನ್ನು ನಂಬಿ ನಾವು ಎರಡು ಗಂಟೆ ಕಳೆದುಕೊಂಡೆವು. ಆರೂವರೆಗೆ ಠಾಣೆಗೆ ಹೋದಾಗ ಅಲ್ಲಿದ್ದ ಹಿರಿಯ ಕಾನ್‌ಸ್ಟೇಬಲ್ ಒಬ್ಬರು ಹೆಸರು, ವಯಸ್ಸು, ಬಟ್ಟೆ ಎಲ್ಲ ಬರೆದುಕೊಂಡು, ಫೋಟೋ ತೆಗೆದುಕೊಂಡು, ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು.

"ಸಾರ್, ಅವರು ಮುಂಚೆ ಏನು ಕೆಲಸ ಮಾಡ್ತಿದ್ರು? ಚಿಕ್ಕವರಾಗಿದ್ದಾಗ ಎಲ್ಲಿದ್ರು?"

ನಮ್ಮನೆಯವರಿಗೆ ಒಂದು ಕ್ಷಣ ಉತ್ತರವೇ ಹೊರಡಲಿಲ್ಲ. ಅಪ್ಪ ಎಲ್ಲಿ ಇರಬಹುದು ಅಂತ ಎರಡು ಗಂಟೆಯಿಂದ ಹುಡುಕುತ್ತಿದ್ದೆವು. ಅಪ್ಪ ಯಾರಾಗಿದ್ದರು ಅಂತ ಯಾರೂ ಯೋಚಿಸಿರಲಿಲ್ಲ.

ಮಾವ ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ. ಇಪ್ಪತ್ತೆರಡನೇ ವಯಸ್ಸಿಗೆ ಅಶೋಕಪುರಂ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿದವರು ಹನ್ನೊಂದು ವರ್ಷ ದಿನವೂ ನಂಜನಗೂಡಿನಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರಂತೆ. ಆಮೇಲೆ ಮೈಸೂರಿಗೆ ಮನೆ ಮಾಡಿದ್ದು. ನಮ್ಮನೆಯವರು ಹುಟ್ಟಿದ್ದೇ ಆ ಮೇಲೆ. ಅವರ ಪಾಲಿಗೆ ನಂಜನಗೂಡು ಅಂದರೆ ವರ್ಷಕ್ಕೊಂದು ಸಲ ಹೋಗಿ ಹಣ್ಣುಕಾಯಿ ಮಾಡಿಸುವ ಊರು, ಅಷ್ಟೇ.

ವರ್ಕ್‌ಶಾಪಿನ ಗೇಟಿಗೆ ಹೋಗಿ ಫೋಟೋ ತೋರಿಸಿದೆವು. ಕಾವಲಿನವರು, "ಸಂಜೆ ಬಂದಿದ್ರಲ್ಲ! ಗೇಟಿಗೆ ಕೈ ಮುಗಿದು, ಬರ್ತೀನಪ್ಪಾ ಅಂತ ಹೇಳಿ ಸ್ಟೇಷನ್ ಕಡೆ ಹೋದ್ರು. ಹಳೆ ಸ್ಟಾಫು ಅನ್ಕೊಂಡೆ" ಅಂದರು. ಸ್ಟೇಷನ್ನಿನಲ್ಲಿ ಟೀ ಮಾರುವ ಹುಡುಗನಿಗೂ ನೆನಪಿತ್ತು. ಚಾಮರಾಜನಗರದ ಗಾಡಿ ಹತ್ತಿದರು, ನಾನೇ ಕೈ ಹಿಡಿದು ಹತ್ತಿಸಿದೆ ಅಂದ. ಪಾಪ, ಅವನು ಒಳ್ಳೆಯದೆಂದೇ ಮಾಡಿದ್ದು.

ಕಾರು ನಂಜನಗೂಡಿನ ರಸ್ತೆ ಹಿಡಿಯಿತು. ಆಗ ಎಂಟು ಗಂಟೆ. ಬಂಡೀಪಾಳ್ಯ, ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿದೆವು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ತಲೆಯಲ್ಲಿ ಒಂದೇ ಯೋಚನೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ಆ ವಾರ ನೀರು ಬಿಟ್ಟಿದ್ದರು. ಕಪಿಲೆ ದಡ ಮೀರಿ ಹರಿಯುತ್ತಿದ್ದಳು.

ಕಡಕೊಳದ ಹತ್ತಿರ ಫೋನ್ ಬಂತು. ಅದೇ ಕಾನ್‌ಸ್ಟೇಬಲ್. "ಅಮ್ಮಾ, ನಂಜನಗೂಡಿನಲ್ಲಿ ಒಬ್ಬರು ತಾತ ಸಿಕ್ಕಿದ್ದಾರಂತೆ. ಹೆಸರು ಹೇಳ್ತಿಲ್ಲ. ವರ್ಕ್‌ಶಾಪು, ವರ್ಕ್‌ಶಾಪು ಅಂತಿದ್ದಾರಂತೆ. ನಿಮ್ಮೋರೇ ಇರ್ಬೇಕು, ಹೋಗಿ."

ದೂರು ಬರೆಸಿದ್ದಕ್ಕೆ ತಾನೇ ಆ ಠಾಣೆಯ ಮಾತು ಈ ಠಾಣೆಯ ಮಾತಿಗೆ ಕೂಡಿಕೊಂಡದ್ದು! ಇನ್ನೂ ಕಾಯುತ್ತಾ ಕೂತಿದ್ದರೆ ಆ ಫೋನು ಯಾರಿಗೆ ಬರಬೇಕಿತ್ತು?

ಹೂವಿನಮ್ಮ

ದೇವಸ್ಥಾನದ ಹತ್ತಿರ ಹೂವು, ಬಿಲ್ವಪತ್ರೆ ಮಾರುವ ಹೆಂಗಸು. ಐವತ್ತರ ಮೇಲಿನ ವಯಸ್ಸು. ಹೆಸರು ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಹೂವಿನಮ್ಮ ಅಂತಲೇ ಕರೆಯುತ್ತೇನೆ. ಅವರ ಮನೆಯ ಜಗಲಿ ಮೇಲೆ ಮಾವ ಟವಲು ಹೊದ್ದುಕೊಂಡು ಕೂತಿದ್ದರು. ಕೈಯಲ್ಲಿ ಕಾಫಿ ಲೋಟ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಮಗನನ್ನು ನೋಡಿ, "ಏನಪ್ಪಾ, ಇಷ್ಟು ಹೊತ್ತಿನಲ್ಲಿ?" ಅಂದರು.

ನಡೆದದ್ದನ್ನು ಹೂವಿನಮ್ಮನೇ ಹೇಳಿದರು. ಕತ್ತಲಾಗಿ ಹೂವಿನ ಬುಟ್ಟಿ ಕಟ್ಟುತ್ತಿದ್ದಾಗ ಒಬ್ಬರು ತಾತ ಸ್ನಾನಘಟ್ಟದ ಕಡೆ ಇಳಿಯುವುದು ಕಾಣಿಸಿತಂತೆ. ನೀರು ತುಂಬಿದೆ, ಆ ಕಡೆ ಯಾರೂ ಹೋಗುತ್ತಿರಲಿಲ್ಲ. "ಕೂಗ್ದೆ ಕಣಮ್ಮ. ತಿರುಗಿ ನೋಡ್ನಿಲ್ಲ. ಕಿವಿ ಕೇಳಕ್ಕಿಲ್ವೇನೋ ಅಂತ ಓಡೋಗಿ ಮುಂದ್ಗಡೆ ನಿಂತ್ಕೊಂಡೆ."

"ಎಲ್ಲಿಗ್ ತಾತ, ಈ ಹೊತ್ನಲ್ಲಿ?"

"ಕೈಕಾಲು ತೊಳ್ಕೊಂಡು ಮನೆಗೆ ಹೋಗ್ಬೇಕು. ಅಮ್ಮ ಕಾಯ್ತಿರ್ತಾಳೆ."

ಎಂಬತ್ತರ ಹತ್ತಿರದ ಮನುಷ್ಯನಿಗೆ ಅಮ್ಮ ಕಾಯುತ್ತಿರುತ್ತಾಳೆ! ನಾನಾಗಿದ್ದರೆ, ನಿಮ್ಮಮ್ಮ ಹೋಗಿ ನಲವತ್ತು ವರ್ಷ ಆಯ್ತಲ್ಲ ಮಾವ ಅಂತ ಅಂದುಬಿಡುತ್ತಿದ್ದೆ. ಅವರು ಕೈ ಕೊಡವಿಕೊಂಡು ಇನ್ನೂ ನಾಲ್ಕು ಮೆಟ್ಟಿಲು ಇಳಿಯುತ್ತಿದ್ದರೋ ಏನೋ. ಹೂವಿನಮ್ಮ ಹಾಗೆ ಅನ್ನಲಿಲ್ಲ.

"ಹೌದಾ, ನಾನೂ ಆ ಕಡೀಕೇ ಹೊಯ್ತಿವ್ನಿ. ಈ ಬುಟ್ಟಿ ವಸಿ ಹಿಡ್ಕೊಳಿ, ಒಟ್ಗೇ ಹೋಗವ" ಅಂದರಂತೆ. ಮಾವ ಬುಟ್ಟಿ ಹಿಡಿದುಕೊಂಡು ಅವರ ಹಿಂದೆಯೇ ನಡೆದರು. ಕೆಲಸ ಕೊಟ್ಟರೆ ಬೇಡ ಅನ್ನುವ ಮನುಷ್ಯರಲ್ಲ ಅವರು. ಮನೆಗೆ ಕರೆತಂದು, ಒದ್ದೆ ತಲೆ ಒರೆಸಿ, ಕಾಫಿ ಕೊಟ್ಟು, ಮಗನನ್ನು ಠಾಣೆಗೆ ಕಳಿಸಿದರು. ಜೇಬು ನೋಡಿದರಂತೆ, ಒಂದು ಚೀಟಿಯೂ ಇರಲಿಲ್ಲ. ಆ ತಪ್ಪು ನಮ್ಮದೇ.

ನಮ್ಮನೆಯವರು ದುಡ್ಡು ಕೊಡಲು ಹೋದಾಗ ಹೂವಿನಮ್ಮ ಕೋಪ ಮಾಡಿಕೊಂಡರು. "ನಂಜುಂಡಪ್ಪ ಕಳ್ಸ್‌ದ ನೆಂಟ್ರು. ನೆಂಟ್ರಿಗ್ ಕಾಪಿ ಕೊಟ್ರೆ ಕಾಸ್ ಈಸ್ಕಂಡಾರಾ?"

ಅವರೇ ದಾರಿ ತೋರಿಸಲಿ

ಆ ರಾತ್ರಿ ಆದ ಮೇಲೆ ಒಂದು ತಿಂಗಳು ಗೇಟಿಗೆ ಬೀಗ ಹಾಕಿದೆವು. ಅದು ಇನ್ನೊಂದು ಪಾಡು. ಸಂಜೆಯಾದರೆ ಗೇಟು ಹಿಡಿದು ಅಲ್ಲಾಡಿಸುವರು. ಬೀಗ ನೋಡಿ, ಬಿಡಿ ನನ್ನನ್ನು, ನಾನೇನು ಕಳ್ಳನಾ ಅಂತ ಅಳುವರು. ಈ ಕಾಯಿಲೆಯಲ್ಲಿ ಸಂಜೆ ಹೊತ್ತಿಗೆ ಚಡಪಡಿಕೆ ಹೆಚ್ಚುವುದು ಸಾಮಾನ್ಯ ಅಂತ ಡಾಕ್ಟರು ಹೇಳಿದರು. ಮೆದುಳಿನಲ್ಲಿ ಹೊಸ ನೆನಪನ್ನು ಹಿಡಿದಿಡುವ ಭಾಗವೇ ದಾರಿ ಗುರುತಿಸುವುದಕ್ಕೂ ನೆರವಾಗುತ್ತದಂತೆ, ಅಲ್ಝೈಮರ್ಸ್ ಮೊದಲು ಕೈ ಹಾಕುವುದು ಅಲ್ಲಿಗೇ. ಹಾಗಾಗಿ ನಿನ್ನೆಯದು ಮರೆಯುತ್ತದೆ, ಹಿಂದಿನ ಬೀದಿ ಹೊಸದಾಗುತ್ತದೆ, ಐವತ್ತು ವರ್ಷ ಹಿಂದಿನ ದಾರಿ ಉಳಿದಿರುತ್ತದೆ. "ಅವರು ಸುಮ್ಮನೆ ಅಲೀತಿಲ್ಲ. ಅವರ ಪ್ರಕಾರ ಸರಿಯಾದ ಕಡೆಗೇ ಹೋಗ್ತಿದ್ದಾರೆ" ಅಂದರು ಡಾಕ್ಟರು.

ಹಾಗಾದರೆ ನಾವೇ ಕರೆದುಕೊಂಡು ಹೋದರಾಯಿತಲ್ಲ ಅನ್ನಿಸಿತು. ಹೀಗೆ ಶುರುವಾದದ್ದು ನಮ್ಮ ಭಾನುವಾರದ ನಂಜನಗೂಡು ಯಾತ್ರೆ.

ರೈಲು ಬಂತು. ಮಾವ ನನಗಿಂತ ಚುರುಕಾಗಿ ಹತ್ತಿ ಎಡಗಡೆ ಕಿಟಕಿ ಹಿಡಿದರು. ಅಶೋಕಪುರಂ ಬಿಟ್ಟ ಮೇಲೆ ಎಡಕ್ಕೆ ಚಾಮುಂಡಿ ಬೆಟ್ಟ ಜೊತೆಯಲ್ಲೇ ಒಂದಷ್ಟು ದೂರ ಬರುತ್ತದೆ. ಅವರು ಕಿಟಕಿಯಿಂದಲೇ ಕೈ ಮುಗಿದರು. ಕಡಕೊಳದಲ್ಲಿ ಕಾರ್ಖಾನೆಯ ಹುಡುಗರು ಇಳಿದರು. ಅದು ಬಂದು ಹೋದ ಮೇಲೆ ತಾಂಡವಪುರ, ಆಮೇಲೆ ಸುಜಾತಾಪುರಂ. ಈಗ ಕಂಪನಿಗಳ ಕಾಂಪೌಂಡು, ಲಾರಿ, ಲೇಔಟು ಜಾಸ್ತಿ. ನಡುನಡುವೆ ರಾಗಿ ಹೊಲ, ತೆಂಗಿನ ತೋಟ. ಮಾವ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಪ್ರತಿ ಸ್ಟೇಷನ್ ಬರುವ ಒಂದು ನಿಮಿಷ ಮುಂಚೆ ಅದರ ಹೆಸರು ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರದ ಮನುಷ್ಯ!

ನಂಜನಗೂಡು ಇನ್ನೇನು ಬಂತು ಅನ್ನುವಾಗ ರೈಲು ಕಪಿಲಾ ನದಿ ದಾಟುತ್ತದೆ. ಪಕ್ಕದಲ್ಲೇ ಹಳೆಯ ಕಲ್ಲಿನ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಎತ್ತಿನ ಗಾಡಿ, ಕುದುರೆಗೆ ಅಂತ ಕಟ್ಟಿದ ಸೇತುವೆಯ ಮೇಲೆ 19ನೇ ಶತಮಾನದ ಕೊನೆಯ ಹೊತ್ತಿಗೆ ರೈಲು ಹಳಿಯನ್ನೂ ಹಾಕಿದರು. ರಸ್ತೆ, ರೈಲು ಎರಡೂ ಒಂದೇ ಸೇತುವೆಯ ಮೇಲೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಹೊಸ ಸೇತುವೆಯಾಗಿ, ಹಳೆಯದು ನೋಡುವುದಕ್ಕಷ್ಟೇ ಉಳಿಯಿತು. ಮಾವ ಹನ್ನೊಂದು ವರ್ಷ ಓಡಾಡಿದ್ದು ಆ ಹಳೆ ಸೇತುವೆಯ ಮೇಲೆ.

ಅವರ ಮುಖದಲ್ಲಿ ಗಲಿಬಿಲಿ. "ಗಾಡಿ ಆ ಕಡೆ ಹೋಗ್ಬೇಕಿತ್ತಲ್ಲ? ಯಾಕೆ ಈ ಕಡೆ ಬಂತು?" ಅಂತ ಎದ್ದು ನಿಂತರು.

ನನಗೆ ಆಗ ಹೊಳೆಯಿತು. ಆಷಾಢದ ಆ ಸಂಜೆಯೂ ಹೀಗೇ ಆಗಿರಬೇಕು. ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು. ವರ್ಕ್‌ಶಾಪ್ ಇತ್ತು, ಸ್ಟೇಷನ್ ಇತ್ತು, ಗಾಡಿ ಬಂತು. ಕಡೆಯಲ್ಲಿ ಸೇತುವೆ ಮಾತ್ರ ಜಾಗ ಬಿಟ್ಟು ಕದಲಿತ್ತು. "ರಿಪೇರಿ ನಡೀತಿದೆ ಮಾವ. ಅದಕ್ಕೇ ಪಕ್ಕದಲ್ಲಿ ಬಿಟ್ಟಿದ್ದಾರೆ" ಅಂದೆ. "ಹಾಗೋ" ಅಂತ ಕೂತರು. ವರ್ಕ್‌ಶಾಪಿನವರಿಗೆ ರಿಪೇರಿ ಅಂದರೆ ಸಮಾಧಾನ.

ಇಲ್ಲದ ಮನೆಯ ಬೀದಿ

ಸ್ಟೇಷನ್‌ನಿಂದ ಅವರು ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಯಾರನ್ನೂ ಕೇಳಲಿಲ್ಲ, ಎಲ್ಲೂ ನಿಲ್ಲಲಿಲ್ಲ. ನೇರ ದೇವಸ್ಥಾನದ ಬೀದಿಗೆ ಬಂದು, ಶ್ರೀಕಂಠೇಶ್ವರನ ಗೋಪುರಕ್ಕೆ ನಿಂತಲ್ಲೇ ನಮಸ್ಕಾರ ಮಾಡಿ, ಹಿಂದಿನ ಒಂದು ಸಣ್ಣ ಬೀದಿಗೆ ತಿರುಗಿ, ಮೊಬೈಲ್ ಅಂಗಡಿಯೊಂದರ ಮುಂದೆ ನಿಂತರು. ಅವರ ಹಳೇ ಮನೆ ಇದ್ದ ಜಾಗ. ಹೆಂಚಿನ ಮನೆ ಹೋಗಿ ಮೂರು ಅಂತಸ್ತಿನ ಕಟ್ಟಡ ಬಂದು ಬಹಳ ಕಾಲವಾಗಿದೆ.

ಐದು ನಿಮಿಷ ನಿಂತು ನೋಡಿದರು. ಅಂಗಡಿಯ ಹುಡುಗ ಏನು ಬೇಕು ತಾತ ಅಂದ. "ಏನಿಲ್ಲ" ಅಂತ ತಿರುಗಿ ನಡೆದರು. ಅಲ್ಲಿಂದ ಹತ್ತು ನಿಮಿಷಕ್ಕೆ ಸ್ನಾನಘಟ್ಟ. ಮನೆ ಸಿಗದಿದ್ದರೆ ಹೊಳೆಗೆ. ಚಿಕ್ಕ ಹುಡುಗನಾಗಿದ್ದಾಗ ಬೈಗುಳ ತಿಂದಾಗೆಲ್ಲ ಹೊಳೆ ಕಡೆ ಓಡಿಹೋಗುತ್ತಿದ್ದೆ ಅಂತ ಅವರೇ ಹಿಂದೊಮ್ಮೆ ಹೇಳಿದ್ದರು. ನಾವು ಅದನ್ನು ಕತೆ ಅಂತ ಕೇಳಿ ನಕ್ಕಿದ್ದೆವು.

ಕಾರ್ತಿಕದಲ್ಲಿ ಕಪಿಲೆ ತಣ್ಣಗೆ, ತಿಳಿಯಾಗಿ ಹರಿಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಇಡ್ಲಿ ತಿಂದೆವು. ಟಿಪ್ಪು ಸುಲ್ತಾನ್ ತನ್ನ ಪಟ್ಟದಾನೆಯ ಕಣ್ಣು ವಾಸಿಯಾದದ್ದಕ್ಕೆ ಇಲ್ಲಿಯ ದೇವರನ್ನು ಹಕೀಂ ನಂಜುಂಡ ಅಂತ ಕರೆದು ಪಚ್ಚೆಯ ಲಿಂಗ ಕೊಟ್ಟ ಅನ್ನುವ ಕತೆ ಎಲ್ಲರಿಗೂ ಗೊತ್ತು. ಕಾಯಿಲೆ ವಾಸಿಯಾಗಲಿ ಅಂತ ಉರುಳು ಸೇವೆ ಮಾಡುವವರು, ಮುಡಿ ಕೊಡುವವರು ದಿನವೂ ಬರುತ್ತಾರೆ. ನಾನೂ ಮೊದಲ ಸಲ ಹಾಗೇ ಬೇಡಿಕೊಂಡಿದ್ದೆ. ಈ ಕಾಯಿಲೆ ವಾಸಿಯಾಗುವಂಥದ್ದಲ್ಲ ಅಂತ ಗೊತ್ತಾದ ಮೇಲೆ ಬೇಡಿಕೆ ಬದಲಾಯಿಸಿದ್ದೇನೆ. ಅವರು ಎಲ್ಲಿ ಹೋದರೂ ಎದುರಿಗೆ ಒಬ್ಬ ಹೂವಿನಮ್ಮ ಸಿಗಲಿ ಅಂತ.

ಹೂವಿನಮ್ಮ ಅಂದು ಒಂದು ಮೊಳ ಮಲ್ಲಿಗೆ ಕಟ್ಟಿಕೊಟ್ಟರು. ಮಾವನಿಗೆ ಅವರ ಗುರುತು ಹತ್ತಲಿಲ್ಲ. ಆದರೆ ಕೈ ತಾನಾಗಿ ಹೋಗಿ ಹೂವಿನ ಬುಟ್ಟಿ ಎತ್ತಿಕೊಂಡಿತು. ನಾವಿಬ್ಬರೂ ನಕ್ಕೆವು.

ನಾವು ಕಲಿತದ್ದು

ಆಮೇಲೆ ನಾನು ಈ ವಿಷಯ ಒಂದಿಷ್ಟು ಓದಿಕೊಂಡೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಈ ಕಾಯಿಲೆಯವರಲ್ಲಿ ಹತ್ತಕ್ಕೆ ಆರು ಮಂದಿ ಯಾವಾಗಲಾದರೂ ಒಮ್ಮೆ ಹೀಗೆ ಹೊರಟುಬಿಡುತ್ತಾರೆ ಅಂತ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಹೇಳುತ್ತದೆ. ಹಾಗಾಗಿ, ನಮ್ಮ ಮನೆಯಲ್ಲಿ ಹಾಗಾಗಲ್ಲ ಅನ್ನುವ ಧೈರ್ಯ ಬೇಡ.

ಕಾಣೆಯಾದವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ವರ್ಷಗಟ್ಟಲೆ ಅಭ್ಯಾಸ ಮಾಡಿದ ರಾಬರ್ಟ್ ಕೋಸ್ಟರ್ ಅನ್ನುವವರು ಅಮೆರಿಕದಲ್ಲಿದ್ದಾರೆ. ಮರೆವಿನ ಕಾಯಿಲೆಯವರು ಹೆಸರು ಹಿಡಿದು ಕೂಗಿದರೂ ಉತ್ತರ ಕೊಡುವುದು ಅಪರೂಪ, ಏನಾದರೂ ಅಡ್ಡ ಬಂದು ಸಿಕ್ಕಿಹಾಕಿಕೊಳ್ಳುವ ತನಕ ನಡೆಯುತ್ತಲೇ ಇರುತ್ತಾರೆ, ಎಷ್ಟೋ ಜನ ಹೊರಟ ಜಾಗದ ಹತ್ತಿರವೇ ಪೊದೆ, ಹಳ್ಳದಂಥ ಕಡೆ ಸಿಗುತ್ತಾರೆ, ಹಳೆಯ ಮನೆ ಅಥವಾ ಕೆಲಸದ ಜಾಗದ ಕಡೆ ಹೊರಟಿರುತ್ತಾರೆ ಅನ್ನುವುದು ಅವರ ಅಭ್ಯಾಸದ ಸಾರ. ನನ್ನ ಮಾವ ಇದನ್ನೆಲ್ಲ ಓದಿಯೇ ಹೊರಟ ಹಾಗಿತ್ತು!

ಜಪಾನಿನಲ್ಲಿ 2023ರಲ್ಲಿ ಹೀಗೆ ಕಾಣೆಯಾದವರ ಬಗ್ಗೆ ಪೊಲೀಸರಿಗೆ ಬಂದ ದೂರುಗಳು 19,039. ಅಲ್ಲಿ ಒಮುತಾ ಅಂತ ಒಂದು ಊರಿದೆ. ಹಿಂದೆ ಕಲ್ಲಿದ್ದಲು ಗಣಿಯಿದ್ದ ಊರು, ಈಗ ಮುದುಕರೇ ಜಾಸ್ತಿ. 2004ರಿಂದ ಅಲ್ಲಿಯ ಜನ ಒಂದು ತಾಲೀಮು ನಡೆಸುತ್ತಾರೆ. ಒಬ್ಬರು ದಾರಿ ತಪ್ಪಿದವರಂತೆ ಊರಲ್ಲಿ ಓಡಾಡುವುದು, ಉಳಿದವರು ಸುದ್ದಿ ಹಂಚಿಕೊಂಡು ಹುಡುಕಿ ಮಾತಾಡಿಸುವುದು. ಶಾಲೆ ಮಕ್ಕಳೂ ಸೇರುತ್ತಾರೆ. ಹಿಂದಿನಿಂದ ಕೂಗಬಾರದು, ಎದುರಿಗೆ ಬಂದು ಮೆಲ್ಲಗೆ ಮಾತಾಡಿಸಬೇಕು, ಗುಂಪು ಕಟ್ಟಿಕೊಂಡು ಮುತ್ತಬಾರದು, ವಾದ ಮಾಡಬಾರದು ಅಂತ ಕಲಿಸುತ್ತಾರೆ. ಓದುತ್ತಾ ಓದುತ್ತಾ ಹೂವಿನಮ್ಮನ ಮುಖವೇ ಕಣ್ಣ ಮುಂದೆ ಬಂತು. ಯಾರೂ ಕಲಿಸದೆ ಅವರು ಮಾಡಿದ್ದು ಇದೇ ಅಲ್ಲವೇ?

ನಮ್ಮ ಮನೆಯಲ್ಲಿ ಈಗ ಮಾಡಿರುವ ಏರ್ಪಾಟು ಇಷ್ಟು. ಮಾವನ ಎಲ್ಲ ಷರ್ಟಿನ ಜೇಬಿನ ಒಳಮಗ್ಗುಲಿಗೆ ಬಟ್ಟೆಯ ಪಟ್ಟಿ ಹೊಲಿದು ಮೂವರ ಫೋನ್ ನಂಬರ್ ಬರೆದಿದ್ದೇನೆ. ಚೀಟಿಯಾದರೆ ತೆಗೆದು ಬಿಸಾಡುತ್ತಾರೆ, ಹೊಲಿದದ್ದು ಗೊತ್ತಾಗುವುದಿಲ್ಲ. ಕೈಗೆ ಜಿಪಿಎಸ್ ಇರುವ ವಾಚು ಕಟ್ಟಿದ್ದೇವೆ. ಉಪಯೋಗದ್ದೇ, ಆದರೆ ದಿನಾ ಚಾರ್ಜ್ ಮಾಡಬೇಕು, ಮರೆತ ದಿನ ಅದು ಬರೀ ಬಳೆ. ಪ್ರತಿ ತಿಂಗಳು ಒಂದು ಫೋಟೋ ತೆಗೆದಿಡುತ್ತೇವೆ. ಹಳೆಯ ಮನೆಗಳು, ಕೆಲಸ ಮಾಡಿದ ಜಾಗ, ಸ್ನೇಹಿತರ ಮನೆ, ಓದಿದ ಸ್ಕೂಲು ಎಲ್ಲವನ್ನೂ ಅತ್ತೆಯನ್ನು ಕೂರಿಸಿಕೊಂಡು ಕೇಳಿ ಒಂದು ಹಾಳೆಯಲ್ಲಿ ಬರೆದಿದ್ದೇನೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೀದಿಯ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ, ಅಶೋಕಪುರಂ ಸ್ಟೇಷನ್ನಿನ ಟೀ ಹುಡುಗನಿಗೆ ವಿಷಯ ಹೇಳಿದ್ದೇವೆ. ಹೇಳುವುದಕ್ಕೆ ಮೊದಲು ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಮಾವ ದೊಡ್ಡವರು.

ಯಾರಾದರೂ ಕಾಣೆಯಾದರೆ ಮೊದಲು ಮನೆಯ ಒಳಗೇ ಹುಡುಕಿ. ಟೆರೇಸು, ಸಾಮಾನಿನ ಕೋಣೆ, ಬಚ್ಚಲು, ನಿಲ್ಲಿಸಿದ ಕಾರು ಎಲ್ಲ ನೋಡಿ. ಅದಕ್ಕೆ ಕಾಲು ಗಂಟೆ ಸಾಕು. ಸಿಗದಿದ್ದರೆ ತಕ್ಷಣ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ. ರೈಲು ಹತ್ತಿರಬಹುದು ಅನ್ನಿಸಿದರೆ ರೈಲ್ವೆಯ 139 ಇದೆ. ಹಿರಿಯರ ಸಹಾಯಕ್ಕೆ 14567 ಇದೆ. ಮನೆಯಲ್ಲಿ ಒಬ್ಬರು ಉಳಿಯಲೇಬೇಕು, ಅವರೇ ತಿರುಗಿ ಬಂದರೂ ಬರಬಹುದು. ಮತ್ತೆ, ಮನೆಯಲ್ಲಿ ಹಳಬರೊಬ್ಬರು ಜಗಲಿಯಲ್ಲಿ ಕೂತು ಏನಾದರೂ ಹೇಳುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಅತ್ತೆಯ ಮಾತು ಕೇಳಿದ್ದರೆ ನಾವು ಆರು ಗಂಟೆಗೇ ನಂಜನಗೂಡಿನಲ್ಲಿರುತ್ತಿದ್ದೆವು.

ವಾಪಸ್ಸು

ಮಧ್ಯಾಹ್ನದ ರೈಲಿಗೆ ಹಿಂದಿರುಗಿದೆವು. ಅತ್ತೆಗೆ ಅಂತ ರಸಬಾಳೆ ಕೇಳಿದೆ. ಅಸಲಿ ರಸಬಾಳೆ ಈಗ ಸಿಗುವುದೇ ಕಷ್ಟ, ರೋಗ ಬಂದು ತೋಟಗಳೇ ಕಡಿಮೆಯಾಗಿವೆ. ಒಬ್ಬರ ಹತ್ತಿರ ಅರ್ಧ ಚಿಪ್ಪು ಸಿಕ್ಕಿತು. ರೈಲು ಹೊಸ ಸೇತುವೆ ದಾಟುವಾಗ ಮಾವ ಹಳೆಯದನ್ನೇ ನೋಡುತ್ತಾ, "ರಿಪೇರಿ ಬೇಗ ಮುಗಿಸ್ಬೇಕು ಅವರು" ಅಂದರು.

ಈಚೆಗೆ ಮಾವ ಸೋತಿದ್ದಾರೆ. ಕಾಲು ಎಳೆಯುತ್ತದೆ, ಸ್ಟೇಷನ್ ಹೆಸರು ಒಂದೆರಡು ತಪ್ಪುತ್ತದೆ. ವಾರಕ್ಕೊಂದು ಸಲ ಹೋಗುತ್ತಿದ್ದದ್ದು ತಿಂಗಳಿಗೊಂದಾಗಿದೆ. ಹೋಗಲಾಗದ ಸಂಜೆಗಳಲ್ಲಿ ನಮ್ಮನೆಯವರು ಅವರ ಕೈ ಹಿಡಿದುಕೊಂಡು ಬೀದಿಯ ಕೊನೆಯ ತನಕ ನಡೆಸಿಕೊಂಡು ಬರುತ್ತಾರೆ. ಹೊರಡುವಾಗ "ಡ್ಯೂಟಿ ಮುಗೀತಾ ಅಪ್ಪ?" ಅಂತ ಇವರೇ ಕೇಳುತ್ತಾರೆ. ತಿರುಗಿ ಬರುವಾಗ ಗೇಟಿನ ಹತ್ತಿರ ಅತ್ತೆ ನಿಂತಿರುತ್ತಾರೆ. ಅವರನ್ನು ನೋಡಿ ಮಾವ ಒಂದೊಂದು ದಿನ ಹೆಂಡತಿ ಅನ್ನುತ್ತಾರೆ, ಒಂದೊಂದು ದಿನ ಅಮ್ಮ ಅನ್ನುತ್ತಾರೆ. ಅತ್ತೆ ಎರಡಕ್ಕೂ "ಬಂದ್ರಾ, ಕೈಕಾಲು ತೊಳ್ಕೊಳಿ, ಕಾಫಿ ಆಗಿದೆ" ಅಂತಲೇ ಹೇಳುತ್ತಾರೆ.

ನೀವೂ ಬಸ್ ಸ್ಟ್ಯಾಂಡಿನಲ್ಲೋ ಸ್ಟೇಷನ್ನಿನಲ್ಲೋ ದೇವಸ್ಥಾನದ ಬೀದಿಯಲ್ಲೋ, ಒಂದು ಕಾಲಿಗೆ ಚಪ್ಪಲಿ ಇಲ್ಲದೆ, ಯಾರನ್ನೂ ನೋಡದೆ ನೇರ ನಡೆಯುತ್ತಿರುವ ಹಿರಿಯರನ್ನು ಕಂಡರೆ ಒಂದು ನಿಮಿಷ ನಿಲ್ಲಿ. ಎದುರಿಗೆ ಬಂದು, ಎಲ್ಲಿಗೆ ಅಂತ ಕೇಳಿ. ಅವರು ಯಾವ ಊರ ಹೆಸರು ಹೇಳಿದರೂ ಅದು ಎಲ್ಲಿ, ಈಗೆಲ್ಲಿ ಅಂತ ತಿದ್ದಲು ಹೋಗಬೇಡಿ. ನಾನೂ ಆ ಕಡೆಗೇ ಹೊರಟೆ ಅನ್ನಿ. ಜೇಬಿನ ಒಳಮಗ್ಗುಲಲ್ಲಿ ಹೊಲಿದ ಪಟ್ಟಿ ಇದೆಯಾ ನೋಡಿ. ಇದ್ದರೆ ಆ ನಂಬರಿಗೆ ಫೋನ್ ಮಾಡಿ. ಯಾರದೋ ಮನೆಯಲ್ಲಿ ಒಲೆ ಹೊತ್ತಿಸದೆ ಕಾಯುತ್ತಿರುತ್ತಾರೆ.